ಬೆಳತನಕ ನಡೆದ ಆಟ ಎಷ್ಟು ತಾಸಿನದು?



2012ರ ಜುಲೈ 31ರ ರಾತ್ರಿ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ‘ಇ ಸ್ಟ್ರೀಟ್ ಬ್ಯಾಂಡ್’ ಕಟ್ಟಿಕೊಂಡು ನಾಲ್ಕು ತಾಸು ಆರು ನಿಮಿಷ ಹಾಡಿದರು. ಆಗ ಅವರಿಗೆ ಅರವತ್ತೆರಡು ವರ್ಷ. ಅವರ ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಮ್ಯಾಕ್ಸ್ ವೈನ್‌ಬರ್ಗ್ ಅವರಿಗೆ ಅರವತ್ತೊಂದು. ಆ ಬ್ಯಾಂಡಿನ ಎಲ್ಲ ಕಛೇರಿಗಳಲ್ಲಿ ಇದೇ ಅತಿ ದೀರ್ಘವಾದದ್ದು ಎಂದು ಅಭಿಮಾನಿಗಳು ಖಚಿತವಾಗಿ ಹೇಳುತ್ತಾರೆ. ಯಾವ ಊರು, ಯಾವ ತಾರೀಖು, ಯಾವ ಹಾಡು ಮುಗಿದ ಮೇಲೆ ಯಾವ ಹಾಡು ಬಂತು, ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯಿತು ಎನ್ನುವುದನ್ನೆಲ್ಲ ಅವರು ವರ್ಷಗಟ್ಟಲೆ ಬರೆದಿಡುತ್ತ ಬಂದಿದ್ದಾರೆ.

ಈಗ ನಮ್ಮ ರಾಯಚೂರಿನ ಕಡೆ ಬನ್ನಿ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ಸರಿ, ಹಿರಿಯರನ್ನು ಮಾತಾಡಿಸಿ. ನಿಮ್ಮೂರಾಗ ಆಡ್ತಿದ್ದ ಬಯಲಾಟ ಎಷ್ಟು ತಾಸು ನಡೀತಿತ್ತು ಅಂತ ಕೇಳಿದರೆ ಬರುವ ಉತ್ತರ ಒಂದೇ: ‘ಬೆಳತನಕ’. ಅದರಾಚೆ ಲೆಕ್ಕವಿಲ್ಲ. ಎಷ್ಟೊತ್ತಿಗೆ ಗಣಪತಿ ಸ್ತುತಿ ಆಯಿತು, ಎಷ್ಟೊತ್ತಿಗೆ ದುರ್ಯೋಧನ ಅಟ್ಟ ಹತ್ತಿದ, ಮಂಗಳ ಹಾಡುವಾಗ ಹೊತ್ತು ಎಷ್ಟು ಏರಿತ್ತು ಎನ್ನುವುದನ್ನು ಬರೆದಿಡುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಇಂದು ಅದೇ ಆಟಗಳು ಎರಡು ತಾಸಿಗೆ, ಮೂರು ತಾಸಿಗೆ ಇಳಿದಿವೆ. ಇಳಿಯುತ್ತ ಬಂದ ದಾರಿಯಲ್ಲಿ ಏನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ತಿಳಿಯಬೇಕಾದರೆ ಮೊದಲು ಆ ರಾತ್ರಿಯನ್ನೇ ಬಿಚ್ಚಿ ನೋಡಬೇಕು.

ಅಗಸಿಯ ಮುಂದಿನ ಬಯಲಿನಲ್ಲೋ, ಗುಡಿಯ ಎದುರಿನ ಜಾಗದಲ್ಲೋ ಅಟ್ಟ ಕಟ್ಟುತ್ತಿದ್ದರು. ದನಕ್ಕೆ ಮೇವು ಹಾಕಿ, ಉಂಡು ಕೈತೊಳೆದು ಜನ ಬಂದು ಸೇರುವಾಗ ರಾತ್ರಿ ಹತ್ತು ಹೊಡೆದಿರುತ್ತಿತ್ತು. ಕಂಬಳಿ, ಗೋಣಿತಟ್ಟು ಹಾಸಿ ಜಾಗ ಹಿಡಿಯುವ ಕೆಲಸ ಹುಡುಗರದು. ಮೇಳದವರು ಮದ್ದಳೆಯ ಹದ ನೋಡಿ, ಪೇಟಿಯ ಸುರಕ್ಕೆ ಗಂಟಲು ಕೂಡಿಸಿ ದೇವತಾ ಸ್ತುತಿ ಮುಗಿಸುವಷ್ಟರಲ್ಲಿ ಸಾಕಷ್ಟು ಹೊತ್ತು ಹೋಗುತ್ತಿತ್ತು. ದೂರದ ಊರಿನವರ ಬಂಡಿಗಳು ಇನ್ನೂ ಹಾದಿಯಲ್ಲೇ ಇರುತ್ತಿದ್ದುದರಿಂದ ಆ ಹೊತ್ತು ಬೇಕೂ ಆಗಿತ್ತು. ಆಮೇಲೆ ಸಾರಥಿ ಬರುತ್ತಾನೆ. ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ಪ್ರತಿ ಮುಖ್ಯ ಪಾತ್ರವೂ ಪರದೆ ಸರಿಸಿ ಬಂದಾಗ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಯಾವ ದೇಶವನ್ನು ಆಳುವ ದೊರೆಗಳು, ಈ ಸಭೆಗೆ ಬಂದ ಕಾರಣವೇನು? ಪಾತ್ರಧಾರಿ ಒಂದು ಪದ ಹಾಡುತ್ತಾನೆ, ಹೆಜ್ಜೆ ಹಾಕುತ್ತಾನೆ, ಮತ್ತೆ ಮಾತಿನಲ್ಲಿ ತನ್ನ ಕುಲ, ಪರಾಕ್ರಮ, ಉದ್ದೇಶ ಹೇಳಿಕೊಳ್ಳುತ್ತಾನೆ. ಕಿರೀಟ, ಭುಜಕೀರ್ತಿ ಕಟ್ಟಿದ ಆ ರೈತ ದುರ್ಯೋಧನನಾಗಿ ಅಟ್ಟದ ಮೇಲೆ ನೆಲೆ ನಿಲ್ಲಲು ಅರ್ಧ ತಾಸು ಹಿಡಿದರೂ ಯಾರೂ ಅವಸರ ಮಾಡುತ್ತಿರಲಿಲ್ಲ. ನಿನ್ನೆಯವರೆಗೆ ಹೊಲದಲ್ಲಿ ಕುಂಟೆ ಹೊಡೆದವನು ಇವತ್ತು ಹಸ್ತಿನಾಪುರದ ದೊರೆ ಎಂದು ಊರು ಒಪ್ಪಿಕೊಳ್ಳಬೇಕಾದರೆ ಅಷ್ಟು ಹೊತ್ತು ಬೇಕೇ ಬೇಕು.

ನಡುನಡುವೆ ಆಯೇರಿ. ಪದ ಜೋರಾಗಿ ಬಂತೆಂದರೆ ಯಾರೋ ಮೆಚ್ಚಿ ರೂಪಾಯಿ ಕೊಡುತ್ತಾರೆ. ಪಾತ್ರಧಾರಿಯ ಬೀಗರು ಅಂಗಿ, ಧೋತರ, ರುಮಾಲು ತಂದಿರುತ್ತಾರೆ. ಆಟ ಅಲ್ಲಿಗೆ ನಿಲ್ಲುತ್ತದೆ. ಕೊಟ್ಟವರ ಹೆಸರು, ಊರು, ಕೊಟ್ಟದ್ದೇನು ಎಂಬುದನ್ನು ಕೂಗಿ ಹೇಳಿದ ಮೇಲೇ ದ್ರೌಪದಿ ಮತ್ತೆ ಅಳುವುದು. ಇದನ್ನು ಕಲೆಗೆ ಅಡ್ಡಿ ಎಂದು ಕೆಲವರು ಬರೆದಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಆಟದ ಖರ್ಚನ್ನು ಹೊತ್ತವರು ಊರಿನವರೇ. ಆಟ ಕಲಿಸುವ ಮಾಸ್ತರರ ಸಂಭಾವನೆ, ವೇಷದ ಬಾಡಿಗೆ, ಗ್ಯಾಸ್ ಬತ್ತಿಯ ಬಾಡಿಗೆ ಎಲ್ಲ ಅವರ ಜೇಬಿನಿಂದಲೇ ಬಂದದ್ದು. ಟಿಕೆಟ್ ಇಲ್ಲದ ಆಟದಲ್ಲಿ ಆಯೇರಿಯೇ ಟಿಕೆಟ್ಟು. ಅದಕ್ಕೂ ರಾತ್ರಿಯಲ್ಲಿ ಪಾಲು ಸಿಗಬೇಕಿತ್ತು.

ಹೀಗೆ ಕೂಡಿಸುತ್ತ ಹೋದರೆ, ಕಥೆಯ ಪಾಲಿಗೆ ಬರುವುದು ಮೂರು, ಮೂರೂವರೆ ತಾಸು. ಮಿಕ್ಕ ಹೊತ್ತೆಲ್ಲ ಬರುವವರಿಗೆ, ಕೂಡುವವರಿಗೆ, ಕೊಡುವವರಿಗೆ, ನಿದ್ದೆಗೆ ಜಾರಿ ಎಚ್ಚರಾಗುವವರಿಗೆ ಸೇರಿದ್ದು. ನಡುರಾತ್ರಿ ಕಣ್ಣು ಎಳೆಯುವ ಹೊತ್ತಿಗೆ ಹಾಸ್ಯ, ಕೋಳಿ ಕೂಗುವ ಹೊತ್ತಿಗೆ ಯುದ್ಧ. ದುಶ್ಶಾಸನನ ವಧೆಯೋ ರಾವಣನ ವಧೆಯೋ ಆಗುವಾಗ ಮೂಡಲ ಕೆಂಪಾಗಿರಬೇಕೆಂದು ಮಾಸ್ತರರು ಪದಗಳನ್ನು ಹಿಗ್ಗಿಸುತ್ತಿದ್ದರು, ಇಲ್ಲವೇ ಕುಗ್ಗಿಸುತ್ತಿದ್ದರು. ಗಡಿಯಾರ ನೋಡದೆ ಏಳೆಂಟು ತಾಸಿನ ಆಟವನ್ನು ಸೂರ್ಯೋದಯಕ್ಕೆ ಸರಿಯಾಗಿ ತಂದು ಮುಟ್ಟಿಸುವ ಈ ಜಾಣ್ಮೆಗೆ ನಮ್ಮ ವಿಮರ್ಶೆಯಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನನ್ನ ಕೊರಗು.

ಆದರೆ ಬೆಳಕೇ ಯಾಕೆ ಗುರಿ? ನಡುರಾತ್ರಿಗೆ ಯಾಕೆ ಮುಗಿಸಲಿಲ್ಲ? ಕಲೆಗಿಂತ ಹಾದಿಯೇ ಇದಕ್ಕೆ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶದಲ್ಲಿ ಆಟಕ್ಕೆ ಸೇರುತ್ತಿದ್ದವರು ಒಂದೇ ಊರಿನವರಲ್ಲ. ಹತ್ತು ಊರುಗಳಿಂದ ಹೆಂಗಸರು, ಮಕ್ಕಳು, ಮುದುಕರು ಬಂಡಿ ಕಟ್ಟಿಕೊಂಡು, ಇಲ್ಲವೇ ನಡೆದು ಬರುತ್ತಿದ್ದರು. ಕರಿನೆಲದ ಹಾದಿ, ನಡುವೆ ಹಳ್ಳ, ಹಾವು ಚೇಳಿನ ಭಯ. ಎರಡು ಗಂಟೆ ರಾತ್ರಿಗೆ ಆಟ ಮುಗಿಸಿ ಜನರನ್ನು ಕತ್ತಲೆಗೆ ಕಳಿಸುವ ಊರು ಮಾನವಂತ ಊರು ಅನ್ನಿಸಿಕೊಳ್ಳುತ್ತಿರಲಿಲ್ಲ. ಹಾದಿ ಕಾಣುವವರೆಗೆ ಅವರನ್ನು ಕೂಡಿಸಿಕೊಂಡು ಇರಬೇಕು, ಸುಮ್ಮನೆ ಕೂಡಿಸಬಾರದು, ಕಥೆ ಹೇಳುತ್ತ ಕೂಡಿಸಬೇಕು. ಬೆಳತನಕದ ಆಟ ಹತ್ತೂರಿನ ಬೀಗರಿಗೆ ಊರು ಕೊಟ್ಟ ವಸತಿಯೂ ಆಗಿತ್ತು. ರಾಯಚೂರಿನ ಬೇಸಿಗೆ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ; ನಲವತ್ತು ಡಿಗ್ರಿ ದಾಟಿದ ಹಗಲಿನ ಕಾವು ಇಳಿದು ಮನೆಯೊಳಗೆ ಮಲಗಲು ಸಾಧ್ಯವಾಗುವುದೇ ನಸುಕಿನಲ್ಲಿ. ಹೇಗಿದ್ದರೂ ಬಯಲಲ್ಲಿ ಕಳೆಯಬೇಕಾದ ರಾತ್ರಿ ಅದು.

ಹಳ್ಳಿಗೆ ಬಸ್ ಬಂತು, ಆಮೇಲೆ ಟಂಟಂ ಬಂತು, ಮನೆಗೊಂದು ಮೋಟರ್‌ಸೈಕಲ್ ಬಂತು. ಹನ್ನೊಂದು ಗಂಟೆಗೆ ಆಟ ಬಿಟ್ಟರೂ ಹನ್ನೊಂದೂವರೆಗೆ ಮನೆಯಲ್ಲಿರಬಹುದು. ಬೆಳಕಿಗಾಗಿ ಕಾಯುವ ಅಗತ್ಯ ಬೀಳಲಿಲ್ಲ. ಆಟ ಕಿರಿದಾಗಲು ಟೀವಿ, ಮೊಬೈಲುಗಳನ್ನೇ ಎಲ್ಲರೂ ದೂರುತ್ತಾರೆ. ಆದರೆ ಟೀವಿ ಬರುವ ಮೊದಲೇ ದಾರಿಗಳು ಚಿಕ್ಕವಾಗತೊಡಗಿದ್ದವು.

ಇನ್ನೊಂದು ಕಾರಣ ನೀರು. ತುಂಗಭದ್ರಾ ಅಣೆಕಟ್ಟಿನ ಕೆಲಸ 1953ರ ಹೊತ್ತಿಗೆ ಮುಗಿದು, ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಬಂತು. ಮುಂದೆ ಕೃಷ್ಣೆಗೆ ಕಟ್ಟಿದ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೆ ನೀರು ತಂದಿತು. ನೀರು ಬಂದದ್ದು ಒಳ್ಳೆಯದೇ, ಅದರ ಬಗ್ಗೆ ಎರಡು ಮಾತಿಲ್ಲ. ಕಾಲುವೆಯ ಕೆಳಭಾಗದ ರೈತರು ಇಂದಿಗೂ ಆ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಆದರೆ ಒಣಬೇಸಾಯದ ಕಾಲದಲ್ಲಿ ಜೋಳ ಒಕ್ಕಲಾಗಿ ಮನೆ ಸೇರಿದ ಮೇಲೆ ಮುಂಗಾರಿನ ತನಕ ಸಿಗುತ್ತಿದ್ದ ಬಿಡುವು, ನೀರಾವರಿಯಲ್ಲಿ ಎರಡನೆಯ ಬೆಳೆಗೆ ಹೋಯಿತು. ಬಯಲಾಟಕ್ಕೆ ಒಂದು ರಾತ್ರಿ ಸಾಲುವುದಿಲ್ಲ. ಅದಕ್ಕೆ ಮೊದಲು ಎರಡು ಮೂರು ತಿಂಗಳ ತಾಲೀಮು ಬೇಕು. ದಿನಾ ರಾತ್ರಿ ಊಟವಾದ ಮೇಲೆ ಮಾಸ್ತರರ ಮುಂದೆ ಕೂತು ಪದ ಬಾಯಿಪಾಠ ಮಾಡಬೇಕು, ಹೆಜ್ಜೆ ಕಲಿಯಬೇಕು. ನೀರು ಸಿಕ್ಕ ಊರಿನಲ್ಲಿ ಆ ತಿಂಗಳುಗಳು ಭತ್ತದ ಗದ್ದೆಗೆ ಹೋದವು. ನೀರು ಸಿಗದ ಊರಿನಲ್ಲಿ ಗುಳೆಗೆ ಹೋದವು. ದೇವದುರ್ಗದ ಕೂಲಿಕಾರರು ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡಗಳ ಬುಡದಲ್ಲಿ ಟಿನ್ನಿನ ಶೆಡ್ಡು ಹಾಕಿಕೊಂಡಿರುವಾಗ ಇಲ್ಲಿ ಭೀಮನ ಪಾತ್ರ ಯಾರು ಕಟ್ಟಬೇಕು? ತಾಲೀಮು ಕಡಿಮೆಯಾದಂತೆ ಬಾಯಿಗೆ ಬರುವ ಪದಗಳು ಕಡಿಮೆಯಾದವು, ಪದ ಕಡಿಮೆಯಾದಂತೆ ಆಟ ಗಿಡ್ಡವಾಯಿತು.

ಹೊತ್ತಿನ ಮಾತು ಬಂದಾಗ ದಾಸರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಎರಡೂ ಮಾನ್ವಿ ತಾಲ್ಲೂಕಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹದಿನೆಂಟನೆಯ ಶತಮಾನದ ಹರಿದಾಸ ಸಾಹಿತ್ಯದ ಮೂರು ಕಂಬಗಳು ಇಷ್ಟು ಹತ್ತಿರ ಹತ್ತಿರದ ನೆಲದಲ್ಲಿ ನಿಂತಿವೆ. ಇವರ ರಚನೆಗಳು ಹೊತ್ತಿನ ದೃಷ್ಟಿಯಿಂದ ಎರಡು ತುದಿಯವು. ಒಂದು ದೇವರನಾಮವನ್ನು ಐದು ನಿಮಿಷದಲ್ಲಿ ಹಾಡಿ ಮುಗಿಸಬಹುದು. ಸುಳಾದಿ ಹಾಗಲ್ಲ. ಅದು ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಏಕ ಎಂದು ತಾಳದಿಂದ ತಾಳಕ್ಕೆ ದಾಟುತ್ತ, ಕೊನೆಗೆ ‘ಜತೆ’ ಎಂಬ ಮುಕ್ತಾಯದ ಸಾಲುಗಳಲ್ಲಿ ಬಂದು ನಿಲ್ಲುವ ದೊಡ್ಡ ರಚನೆ. ವಿಜಯದಾಸರಿಗೆ ಸುಳಾದಿ ದಾಸರೆಂದೇ ಹೆಸರು. ಇನ್ನು ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ, ಹತ್ತಿರ ಹತ್ತಿರ ಸಾವಿರ ಪದ್ಯ. ಒಂದು ಪದ್ಯಕ್ಕೆ ಅರ್ಧ ನಿಮಿಷ ಹಿಡಿದರೂ ಎಂಟು ತಾಸಿನ ಮೇಲಾಗುತ್ತದೆ, ಅಂದರೆ ಹೆಲ್ಸಿಂಕಿಯ ಆ ದಾಖಲೆ ಕಛೇರಿಯ ಎರಡರಷ್ಟು. ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ದಾಸರ ಆರಾಧನೆ ನಡೆಯುವಾಗ ಬರುವ ಭಜನಾ ಮಂಡಳಿಗಳಿಗೆ ಈ ಲೆಕ್ಕ ಬೇಕಿಲ್ಲ. ಒಂದು ಮಂಡಳಿ ದಣಿದರೆ ಇನ್ನೊಂದು ಮಂಡಳಿ ತಾಳ ಎತ್ತಿಕೊಳ್ಳುತ್ತದೆ.

ಇದೇ ಪರಂಪರೆಯಲ್ಲಿ ಒಂದು ಕಥೆ ಇದೆ. ಪಾಂಡಿತ್ಯದ ಹಮ್ಮಿನಲ್ಲಿ ವಿಜಯದಾಸರ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡ ಮಾನ್ವಿಯ ಶ್ರೀನಿವಾಸಾಚಾರ್ಯರಿಗೆ ನಿಜವಾಗಿಯೂ ಹೊಟ್ಟೆನೋವು ಹತ್ತಿತಂತೆ. ಕೊನೆಗೆ ಗುರುಗಳ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಅವರಿಗೆ ಧಾರೆ ಎರೆದರು. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾದರು. ಹಾಡಲು ಬೇಕಾದ ಕಾಲವನ್ನು ಒಬ್ಬ ಹಾಡುಗಾರ ಇನ್ನೊಬ್ಬ ಹಾಡುಗಾರನಿಗೆ ಕೊಡಬಹುದು ಎಂದು ನಂಬಿದ ನೆಲ ನಮ್ಮದು.

ಮೊಹರಂ ರಾತ್ರಿಗಳನ್ನೂ ನೆನೆಯಬೇಕು. ಮುದಗಲ್ಲಿನಿಂದ ಹಿಡಿದು ಸಣ್ಣ ಸಣ್ಣ ಹಳ್ಳಿಗಳವರೆಗೆ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಹೆಜ್ಜೆ ಹಾಕುತ್ತ, ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಲ್ಲಿ ಹಾಡುತ್ತ ಬೆಳಗು ಮಾಡುತ್ತಾರೆ. ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವವರ ಅಮಾವಾಸ್ಯೆಯ ಭಜನೆಯೂ ಹೀಗೆಯೇ. ಇಂಥ ರಾತ್ರಿಗಳಿಗೆ ಒಬ್ಬ ಕಲಾವಿದನ ಕಸುವು ಆಧಾರವಾಗಿರಲಿಲ್ಲ. ಹಾಡುವವರು ಬದಲಾಗುತ್ತಿದ್ದರು, ಹಾಡು ನಿಲ್ಲುತ್ತಿರಲಿಲ್ಲ.

ಹೊತ್ತನ್ನು ಮೊದಲು ಕಟ್ಟಿ ಹಾಕಿದ್ದು ಗ್ರಾಮೋಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ಒಂದು ರಾಗವನ್ನು ಒಂದೂವರೆ ತಾಸು ಬೆಳೆಸುವ ಉಸ್ತಾದರು ಈ ಮೂರು ನಿಮಿಷದೊಳಗೆ ಆಲಾಪ, ಚೀಜು, ತಾನ ಎಲ್ಲವನ್ನೂ ಕೂಡಿಸಬೇಕಾಯಿತು. ಅದರಿಂದ ಸಂಗೀತ ಕೆಟ್ಟಿತು ಎನ್ನಲು ನಾನು ಸಿದ್ಧನಿಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟದ್ದು ಅಬ್ದುಲ್ ಕರೀಂ ಖಾನರು ಜಿಂಝೋಟಿ ರಾಗದಲ್ಲಿ ಹಾಡಿದ ಇಂಥದೇ ಒಂದು ತಟ್ಟೆ ಕೇಳಿ. ಮೂರು ನಿಮಿಷದ ಹಾಡು ಒಂದು ಇಡೀ ಬದುಕಿನ ದಿಕ್ಕು ಬದಲಿಸಿತು. ಉದ್ದವಾದದ್ದೆಲ್ಲ ದೊಡ್ಡದು, ಗಿಡ್ಡವಾದದ್ದೆಲ್ಲ ಸಣ್ಣದು ಎಂದು ವಾದಿಸಲು ಹೊರಟವರು ಈ ಘಟನೆಯನ್ನು ಮರೆಯಬಾರದು.

ಆಮೇಲೆ ಬಂದದ್ದು ನಾನೀಗ ಮಾತಾಡುತ್ತಿರುವ ಈ ಬಾನುಲಿ. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಆಕಾಶವಾಣಿಯನ್ನು ಆರಂಭಿಸಿದ ದಿನದಿಂದಲೂ ಬಾನುಲಿಗೆ ಗಡಿಯಾರವೇ ದೇವರು. ಸುಗಮ ಸಂಗೀತಕ್ಕೆ ಹತ್ತು ನಿಮಿಷ, ಶಾಸ್ತ್ರೀಯಕ್ಕೆ ಅರ್ಧ ತಾಸು; 1952ರಲ್ಲಿ ಶುರುವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶನಿವಾರ ರಾತ್ರಿ ಒಂದೂವರೆ ತಾಸು ಕೊಟ್ಟದ್ದೇ ಬಹಳ ಉದಾರವೆನಿಸಿತ್ತು. ಕೆಂಪು ದೀಪ ಹತ್ತಿದಾಗ ಶುರು ಮಾಡಿ, ಆರುವ ಮೊದಲು ಮುಗಿಸುವುದನ್ನು ನಮ್ಮ ಜಾನಪದ ಕಲಾವಿದರೂ ಕಲಿತರು. ಬೆಳತನಕದ ಆಟದ ಎರಡು ಪದ ರೇಡಿಯೋದಲ್ಲಿ ಬಂದವು, ಊರೂರಿಗೆ ಕೇಳಿದವು. ಸಾರಥಿಯ ಪ್ರಶ್ನೆಗಳು ಮಾತ್ರ ಸ್ಟುಡಿಯೋದ ಬಾಗಿಲಾಚೆ ಉಳಿದವು.

ಈಗ ಮತ್ತೆ ರಾಕ್ ಸಂಗೀತದ ಕಡೆ ನೋಡೋಣ. ಅಲ್ಲಿ ಹೊತ್ತು ನಡೆದದ್ದು ನಮ್ಮದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಐವತ್ತೈದು ಸಾವಿರ ಜನರ ಮುಂದೆ ಬೀಟಲ್ಸ್ ತಂಡದ ನಾಲ್ವರು ಹಾಡಿದ್ದು ಹನ್ನೆರಡು ಹಾಡು, ಹಿಡಿದದ್ದು ಸುಮಾರು ಅರ್ಧ ತಾಸು. ಆ ನಾಲ್ವರೂ ಆಗ ಇಪ್ಪತ್ತರ ಹರೆಯದ ಹುಡುಗರು, ದಣಿವಿನ ಮಾತೇ ಇರಲಿಲ್ಲ. ಆದರೆ ಅಂದಿನ ಪದ್ಧತಿಯಲ್ಲಿ ಒಂದೇ ಸಂಜೆಗೆ ನಾಲ್ಕಾರು ತಂಡಗಳು, ಮುಖ್ಯ ತಂಡಕ್ಕೆ ಕೊನೆಯ ಅರ್ಧ ತಾಸು. ಧ್ವನಿವರ್ಧಕಗಳೂ ಸಣ್ಣವು, ಅಭಿಮಾನಿಗಳ ಕೂಗಾಟದಲ್ಲಿ ಹಾಡುವವರಿಗೆ ತಮ್ಮ ಹಾಡೇ ಕೇಳುತ್ತಿರಲಿಲ್ಲ. ಇನ್ನೂ ಒಂದು ತಾಸು ಹಾಡಿ ಮಾಡುವುದೇನಿತ್ತು?

ಅದೇ ಕಾಲದ ರೋಲಿಂಗ್ ಸ್ಟೋನ್ಸ್ ತಂಡವೂ ಹೀಗೆ ಅರ್ಧ ತಾಸಿನ ಆಟಗಳಿಂದ ಶುರು ಮಾಡಿತು. 2003ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರಿಗೂ ಅರವತ್ತು ಹತ್ತಿರವಾಗಿತ್ತು. ಆ ಪ್ರವಾಸದ ಕಛೇರಿಗಳು ಎರಡು ತಾಸಿನ ಆಸುಪಾಸಿನವು. ವಯಸ್ಸು ಏರಿದಂತೆ ಹೊತ್ತು ನಾಲ್ಕು ಪಟ್ಟಾಗಿತ್ತು. ನಲವತ್ತು ವರ್ಷದ ಹಾಡುಗಳು ಕೈಯಲ್ಲಿರುವ ತಂಡ ಅರ್ಧ ತಾಸಿನಲ್ಲಿ ಏನು ಹಾಡೀತು, ಏನು ಬಿಟ್ಟೀತು? ದೊಡ್ಡ ಟಿಕೆಟ್ ಕೊಟ್ಟು, ಬೇರೆ ಊರಿನಿಂದ ರೈಲು ಹತ್ತಿ ಬಂದವರು ತಮ್ಮ ಹರೆಯದ ಹಾಡನ್ನು ಕೇಳದೆ ಎದ್ದು ಹೋಗಲು ಒಪ್ಪುವುದಿಲ್ಲ. ಲಾರಿಗಟ್ಟಲೆ ಸ್ಪೀಕರು, ದೀಪ ಹೊತ್ತು ತರುವ ತಂಡ ರಾತ್ರಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದೂ ಇಲ್ಲ. 2007ರ ಮಾರ್ಚಿನಲ್ಲಿ ಅದೇ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂತು. ಬೆಂಗಳೂರಿನಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗರೂ ಅಲ್ಲಿ ನಿಂತು ಕೇಳಿ ಬಂದರು. ಅವರ ಅಜ್ಜಂದಿರು ಕಂಬಳಿ ಹಾಸಿ ಕುಳಿತು ಕಾಯುತ್ತಿದ್ದ ಹಾಗೆಯೇ ಇವರು ಮಧ್ಯಾಹ್ನದಿಂದ ಸಾಲಿನಲ್ಲಿ ನಿಂತು ಕಾದಿದ್ದರು.

ಸ್ಪ್ರಿಂಗ್‌ಸ್ಟೀನ್ ಅವರದು ಇನ್ನೂ ವಿಶೇಷ. 1978ರ ಪ್ರವಾಸದ ಹೊತ್ತಿಗೇ ಅವರ ಕಛೇರಿ ಮೂರು ತಾಸಿಗೆ ಬೆಳೆದಿತ್ತು. 2012ರಲ್ಲಿ ಹೆಲ್ಸಿಂಕಿಯ ಎತ್ತರ ಮುಟ್ಟಿದರು; 2016ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೆ ನಾಲ್ಕು ತಾಸು ದಾಟಿದರು. 2023ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರವಾಸ ಹೊರಟಾಗ ಹೊತ್ತು ಮೂರು ತಾಸಿಗಿಂತ ಸ್ವಲ್ಪ ಕೆಳಗಿಳಿಯಿತು. ಈ ಏರಿಳಿತವನ್ನು ಪ್ರವಾಸದಿಂದ ಪ್ರವಾಸಕ್ಕೆ ಹಿಂಬಾಲಿಸಿದವರಿಗೆ ಒಬ್ಬ ಕಲಾವಿದನ ದೇಹ, ಮನಸ್ಸು, ಕೇಳುಗರೊಡನೆ ಅವನ ನಂಟು ಮೂರೂ ಗೋಚರವಾಗುತ್ತವೆ. ಒಂದು ಕಛೇರಿಯ ಹಾಡುಗಳ ಪಟ್ಟಿಗಿಂತ ಅದರ ಹೊತ್ತು ಕೆಲವು ಸಲ ಹೆಚ್ಚು ಹೇಳುತ್ತದೆ.

ಅವರನ್ನೂ ತಡೆದದ್ದು ಗಡಿಯಾರವೇ. 2012ರ ಜುಲೈ 14ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸ್ಪ್ರಿಂಗ್‌ಸ್ಟೀನ್ ಜೊತೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ವೇದಿಕೆ ಹತ್ತಿದ್ದರು. ಅನುಮತಿಯ ಹೊತ್ತು ಮೀರಿತೆಂದು ಸಂಘಟಕರು ಧ್ವನಿ ಕಡಿದರು. ಇಬ್ಬರೂ ಜನರಿಗೆ ಕೊನೆಯ ನಮಸ್ಕಾರ ಹೇಳುವಷ್ಟರಲ್ಲಿ ಮೈಕು ಸತ್ತಿತ್ತು. ಸುತ್ತಲಿನ ಮನೆಗಳಲ್ಲಿ ಮಲಗುವ ಜನರಿದ್ದರು. ಅವರ ದೂರಿಗೂ ಬೆಲೆಯಿದೆ.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಅದೂ ರಾತ್ರಿ ಹನ್ನೆರಡರವರೆಗೆ, ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಪೆಟ್ಟು ಬಿದ್ದದ್ದು ನಮ್ಮ ಬಯಲಾಟಕ್ಕೆ ಮಾತ್ರವಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಇಡೀ ರಾತ್ರಿ ನಡೆದು, ಬೆಳಗಿನ ರಾಗಗಳು ಬೆಳಗಿನಲ್ಲೇ ಕೇಳುತ್ತಿದ್ದವು. ಆಮೇಲೆ ಅದು ಮಧ್ಯಾಹ್ನಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುವಂತಾಯಿತು. ಕರಾವಳಿಯ ಯಕ್ಷಗಾನ ಮೇಳಗಳೂ ಕಾಲಮಿತಿಯ ಆಟಕ್ಕೆ ಹೊಂದಿಕೊಂಡವು. ಆದರೂ ರೋಗಿಗಳಿಗೆ, ಬಾಣಂತಿಯರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ನಿದ್ದೆ ಬೇಕು. ಹಿಂದಿನ ಆಟಕ್ಕೆ ಮೈಕ್ ಇರಲಿಲ್ಲ. ಮದ್ದಳೆಯ ದನಿ ಮುಟ್ಟುವಷ್ಟು ದೂರದಲ್ಲಿದ್ದವರೆಲ್ಲ ಆಟದ ಮುಂದೆಯೇ ಇರುತ್ತಿದ್ದರು. ಇಂದಿನ ಡಿಜೆ ಸ್ಪೀಕರು ಹಾಕಿ ಬೆಳತನಕ ಆಡುತ್ತೇವೆ ಎಂದರೆ ಅದನ್ನು ನಾನೂ ಬೆಂಬಲಿಸಲಾರೆ.

ಹಾಗಿದ್ದರೆ ಕಿರಿದಾಗುವುದೇ ಗತಿಯೇ? ಅಷ್ಟು ಬೇಗ ಕೈಬಿಡಬೇಕಾಗಿಲ್ಲ. ಆ ನಿಯಮಗಳು ಸಭಾಂಗಣದಂಥ ಮುಚ್ಚಿದ ಕಟ್ಟಡವನ್ನು ಬೇರೆಯಾಗಿಯೇ ನೋಡುತ್ತವೆ. ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರು ನಗರದಲ್ಲೇ ಇದೆ. ವರ್ಷಕ್ಕೊಂದು ಸಲವಾದರೂ ಅಲ್ಲಿ ಒಂದು ಬಯಲಾಟವನ್ನು ಪೂರ್ತಿ ಆಡಿಸಬಹುದು. ಬರುವವರಿಗೆ ರಾತ್ರಿ ಚಹಾ, ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟರೆ ಸಾಕು. ಅದು ಕಷ್ಟವೆಂದರೆ ಹಳ್ಳಿಯಲ್ಲಿ ಸಂಜೆ ನಾಲ್ಕಕ್ಕೆ ಸ್ತುತಿ ಶುರು ಮಾಡಿ ಹತ್ತರೊಳಗೆ ಮಂಗಳ ಹಾಡಬಹುದು. ಆರು ತಾಸು ಸಿಗುತ್ತದೆ. ಕತ್ತಲೆ ಬೀಳುವುದನ್ನೂ ಆಟದೊಳಗೆ ಸೇರಿಸಿಕೊಳ್ಳಬಲ್ಲ ಮಾಸ್ತರರು ನಮ್ಮಲ್ಲಿ ಇನ್ನೂ ಇದ್ದಾರೆ.

ಆಟವನ್ನು ಕಡಿಮೆ ಮಾಡುವವರು ಮೊದಲು ಕತ್ತರಿ ಹಾಕುವುದು ಆರಂಭಕ್ಕೆ: ಸ್ತುತಿ ಎರಡು ನಿಮಿಷ, ಸಾರಥಿ ಇಲ್ಲವೇ ಇಲ್ಲ, ನೇರವಾಗಿ ಜೂಜಾಟ, ವಸ್ತ್ರಾಪಹರಣ. ಇದು ತಪ್ಪು ಕಡೆ ಹಾಕಿದ ಕತ್ತರಿ ಎಂದು ನಾನು ಒತ್ತಿ ಹೇಳುತ್ತೇನೆ. ಯುದ್ಧದ ಪದಗಳಲ್ಲಿ ಒಂದೇ ಧಾಟಿಯವು ಹತ್ತಿದ್ದರೆ ಐದು ಬಿಡಿ, ಅತಿಥಿಗಳ ಸನ್ಮಾನದ ಭಾಷಣ ಬಿಡಿ. ಬಂದ ಪಾತ್ರವನ್ನು ನೀವು ಯಾರು ಎಂದು ಕೇಳುವ ಆ ಒಂದು ಭಾಗವನ್ನು ಬಿಡಬೇಡಿ. ಖ್ಯಾಲ್ ಗಾಯಕ ವಿಲಂಬಿತವನ್ನು ಬಿಟ್ಟು ನೇರ ದ್ರುತಕ್ಕೆ ಹಾರಿದರೆ ರಾಗದ ಮುಖ ಕಾಣುವುದಿಲ್ಲ. ಬಯಲಾಟಕ್ಕೂ ಅಷ್ಟೇ.

ಇನ್ನೊಂದು ಕೆಲಸ ಇವತ್ತಿನಿಂದಲೇ ಆಗಬೇಕು. ನಮ್ಮ ಮಾಸ್ತರರ ಮನೆಗಳಲ್ಲಿ, ಹಳೆಯ ಪಾತ್ರಧಾರಿಗಳ ಟ್ರಂಕುಗಳಲ್ಲಿ ಕೈಬರಹದ ಆಟದ ಪ್ರತಿಗಳಿವೆ. ಮೂಲೆಗಳು ಸವೆದಿವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ. ಆಟವನ್ನು ಕಿರಿದು ಮಾಡುವಾಗ ಆ ಪ್ರತಿಯಲ್ಲಿ ಬಿಟ್ಟ ಪದಗಳ ಮೇಲೆ ಗೀಟು ಎಳೆಯಬೇಡಿ, ಹಾಳೆ ಹರಿಯಬೇಡಿ. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಿ, ಅಷ್ಟು ಸಾಕು. ಪೂರ್ತಿ ಪ್ರತಿಯನ್ನು ಮೊಬೈಲಿನಲ್ಲಿ ಪುಟಪುಟವಾಗಿ ಫೋಟೋ ತೆಗೆದಿಡಿ. ಪ್ರತಿಯ ಹಿಂದಿನ ಹಾಳೆಯಲ್ಲಿ ಆಡಿದ ಊರು, ತಾರೀಖು, ಮಾಸ್ತರರ ಹೆಸರು, ಮದ್ದಳೆ ಬಾರಿಸಿದವರ ಹೆಸರು, ಸ್ತುತಿ ಶುರುವಾದ ಗಳಿಗೆ, ಮಂಗಳ ಹಾಡಿದ ಗಳಿಗೆ ಬರೆಯಿರಿ. ಯಾವ ಪದಗಳನ್ನು ಈ ಸಲ ಬಿಟ್ಟೆವು, ತಾಲೀಮು ಎಷ್ಟು ವಾರ ನಡೆಯಿತು ಎಂದೂ ಬರೆಯಿರಿ. ಮುಂದಿನ ವರ್ಷ ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಜಾಗ ಬಿಟ್ಟಿರಿ.